ಮೂರು ಕಾಳು ಜೋಳದ ತೂಕ

ನಮ್ಮ ಕಡೆಯ ಬಿಳಿಜೋಳದ ಕಾಳು ನೂರು ಎಣಿಸಿ ಪತ್ತಾರರ ತಕ್ಕಡಿಗೆ ಹಾಕಿದರೆ ಹೆಚ್ಚೂಕಡಿಮೆ 3 ಗ್ರಾಂ ತೂಗುತ್ತವೆ. ಅಂದರೆ ಮೂರು ಕಾಳಿನ ತೂಕ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಒಂದು ಕ್ವಿಂಟಲ್ ಚೀಲದಿಂದ ಮೂರು ಕಾಳು ತೆಗೆದರೆ ಬೈಲಹೊಂಗಲದ ಪ್ಯಾಟಿಯಲ್ಲಿ ಯಾವ ದಲಾಲಿಗೂ ಗೊತ್ತಾಗುವುದಿಲ್ಲ. ಆದರೆ ಭೂಮಿಯ ಹೊಟ್ಟೆಯಲ್ಲಿ ಏನಿದೆ ಎಂದು ಅಗೆಯದೆಯೇ ತಿಳಿಯುವ ಒಂದು ವಿದ್ಯೆ ನಿಂತಿರುವುದು ಇಂಥ ಮೂರು ಕಾಳಿನ ಲೆಕ್ಕದ ಮೇಲೆ.

ತೂಕ ಎಂದರೇನು? ಭೂಮಿ ವಸ್ತುವನ್ನು ತನ್ನತ್ತ ಎಳೆಯುವ ಬಲ. ಈ ಎಳೆತ ಎಲ್ಲ ಊರಿನಲ್ಲೂ ಒಂದೇ ಸಮ ಇರುವುದಿಲ್ಲ. ಕಿತ್ತೂರಿನಲ್ಲಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ 100 ಕಿಲೋ ಎಂದು ಓದಿದ ಚೀಲವನ್ನು ಅದೇ ತಕ್ಕಡಿಯೊಂದಿಗೆ ದೆಹಲಿಗೆ ಒಯ್ದರೆ ಅಲ್ಲಿ 80-90 ಗ್ರಾಂ ಹೆಚ್ಚಿಗೆ ತೋರಿಸುತ್ತದೆ. ಭೂಮಧ್ಯರೇಖೆಯಿಂದ ಧ್ರುವಕ್ಕೆ ಒಯ್ದರಂತೂ ಅರ್ಧ ಕಿಲೋ ಲಾಭ! ಭೂಮಿ ನಡುವಿನಲ್ಲಿ ಉಬ್ಬಿದೆ, ಅಲ್ಲಿ ಜೋರಾಗಿ ಸುತ್ತುತ್ತದೆ ಕೂಡ. ಹಾಗಾಗಿ ಅಲ್ಲಿ ಎಳೆತ ಕಡಿಮೆ. ಇದನ್ನು ಕೇಳಿ ದೆಹಲಿಗೆ ಜೋಳ ಒಯ್ದು ಮಾರಬೇಕೆಂದು ಯಾರೂ ಲಾರಿ ಹತ್ತಬೇಡಿ. ಎರಡು ತಟ್ಟೆಯ ತಕ್ಕಡಿಯಲ್ಲಿ ಈ ಆಟ ನಡೆಯುವುದಿಲ್ಲ. ಜೋಳದ ಜೊತೆಗೆ ತೂಕದ ಕಲ್ಲೂ ಅಷ್ಟೇ ಪ್ರಮಾಣದಲ್ಲಿ ಭಾರವಾಗುತ್ತದಲ್ಲ!

ಎಳೆತದ ಈ ಸಣ್ಣ ವ್ಯತ್ಯಾಸವನ್ನು ಅಳೆಯುವ ಮಾಪಕಕ್ಕೆ ಗೆಲಿಲಿಯೋನ ಹೆಸರಿನಿಂದ 'ಗಾಲ್' ಎನ್ನುತ್ತಾರೆ. ಅದರ ಸಾವಿರದ ಒಂದು ಪಾಲು ಮಿಲಿಗಾಲ್. ಭೂಮಿಯ ಒಟ್ಟು ಎಳೆತದ ಸುಮಾರು ಹತ್ತು ಲಕ್ಷದ ಒಂದು ಪಾಲು ಅದು. ಒಂದು ಕ್ವಿಂಟಲ್ ಚೀಲಕ್ಕೆ ಹೋಲಿಸಿದರೆ ಸರಿಯಾಗಿ ನಮ್ಮ ಮೂರು ಕಾಳು. ನೀವು ಆ ಚೀಲದೊಂದಿಗೆ ನೆಲದಿಂದ ಒಂದು ಮೀಟರ್ ಮೇಲೆ ಏರಿದರೆ ಒಂದು ಕಾಳಿನಷ್ಟು ತೂಕ ಕಡಿಮೆ. ಮಾಳಿಗೆ ಹತ್ತಿದರೆ ಮೂರು ಕಾಳು ಹೋಯಿತು. ಈ 'ಒಂದು ಮೀಟರಿಗೆ ಒಂದು ಕಾಳು' ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಕೌಂಟರಿನ ಹಿಂದೆ. ವಿಜ್ಞಾನದ ಮಾತು ನನಗೇಕೆ ಎಂದು ಕೇಳಬಹುದು. ಬಂಗಾರದ ಸಾಲದ ವಿಭಾಗದಲ್ಲಿ ಅನೇಕ ವರ್ಷ ಕುಳಿತವನಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ. ಒತ್ತೆ ಇಡಲು ಬಂದ ಬಳೆಯನ್ನು ನಮ್ಮ ಪತ್ತಾರರು ಮೊದಲು ಅಂಗೈಯಲ್ಲಿ ಹಿಡಿದು ಎರಡು ಸಲ ಮೇಲೆ ಕೆಳಗೆ ಆಡಿಸುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, "ಒಳಗ ಅರಗೈತ್ರಿ" ಎನ್ನುತ್ತಿದ್ದರು. ಕಣ್ಣಿಗೆ ಕಾಣುವ ಗಾತ್ರಕ್ಕೆ ಇರಬೇಕಾದ ತೂಕ ಕೈಗೆ ಸಿಗದಿದ್ದರೆ ಒಳಗೆ ಹಗುರವಾದದ್ದು ಏನೋ ಇದೆ ಎಂದರ್ಥ. ಭೂಮಿಯ ವಿಷಯದಲ್ಲಿ ವಿಜ್ಞಾನಿಗಳು ಮಾಡುವುದೂ ಇದನ್ನೇ. ಕೆಳಗೆ ಭಾರವಾದ ಕಲ್ಲಿದ್ದರೆ ಅದರ ಮೇಲಿನ ಎಳೆತ ಒಂದಿಷ್ಟು ಹೆಚ್ಚು, ಹಗುರವಾದ ಕಲ್ಲೋ ಪೊಳ್ಳೋ ಇದ್ದರೆ ಒಂದಿಷ್ಟು ಕಡಿಮೆ.

ಇದನ್ನು ಮೊದಲು ತೋರಿಸಿಕೊಟ್ಟದ್ದು ಗಡಿಯಾರ. 1672ರಲ್ಲಿ ಫ್ರಾನ್ಸಿನ ಜಾನ್ ರಿಷೆ ಎಂಬವನು ಪ್ಯಾರಿಸಿನ ಲೋಲಕದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಾಯೆನ್ ಊರಿಗೆ ಒಯ್ದ. ಅದು ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಭೂಮಧ್ಯರೇಖೆಯ ಹತ್ತಿರ ಎಳೆತ ಕಡಿಮೆ, ಆದ್ದರಿಂದ ಲೋಲಕ ನಿಧಾನ.

ಮಕ್ಕಳೇ, ಇದನ್ನು ನೀವೂ ಮನೆಯಲ್ಲಿ ಮಾಡಬಹುದು. ಗಟ್ಟಿ ದಾರಕ್ಕೆ ಒಂದು ದುಂಡು ಕಲ್ಲು ಕಟ್ಟಿ, ಮೊಳೆಯಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರುವಂತೆ ತೂಗುಹಾಕಿ. ಮೆಲ್ಲಗೆ ತೂಗಿಬಿಟ್ಟು, ಹೋಗಿ ಬರುವುದನ್ನು ಒಂದು ಎಂದು ಎಣಿಸಿ. ನೂರು ತೂಗಾಟಕ್ಕೆ 201 ಸೆಕೆಂಡ್ ಆಗಬೇಕು. ಕಲ್ಲು ಸಣ್ಣದಿರಲಿ ದೊಡ್ಡದಿರಲಿ, ಲೆಕ್ಕ ಬದಲಾಗುವುದಿಲ್ಲ. ನನ್ನ ಮೊಮ್ಮಗಳು ಒಂಬತ್ತನೇ ಇಯತ್ತೆಯಲ್ಲಿದ್ದಾಳೆ. ಅವಳು ನಮ್ಮ ಪಡಸಾಲೆಯ ತೊಲೆಗೆ ಕಟ್ಟಿ ಎಣಿಸಿದಾಗ ಒಮ್ಮೆ 199 ಬಂತು, ಒಮ್ಮೆ 203. ಎರಡು ಸೆಕೆಂಡ್ ತಪ್ಪಿದರೂ ಕ್ವಿಂಟಲ್ ಚೀಲದಲ್ಲಿ ಎರಡು ಕಿಲೋ ತಪ್ಪಿದಂತೆ. ಒಂದು ಮಿಲಿಗಾಲ್ ಹಿಡಿಯಬೇಕಾದರೆ ಇಡೀ ಒಂದು ದಿನ ತೂಗುವ ಲೋಲಕದಲ್ಲಿ ಒಂದು ಸೆಕೆಂಡಿನ ನೂರನೇ ನಾಲ್ಕು ಪಾಲಿನಷ್ಟು ಸಹ ತಪ್ಪಬಾರದು. "ಅಷ್ಟು ಸಣ್ಣದು ಯಾರ ಕೈಲಿ ಆಕ್ಕೈತಿ ಅಜ್ಜಾ?" ಎಂದಳು. ಆದವರು ಇದ್ದಾರೆ. ನಮ್ಮ ದೇಶದಲ್ಲೇ, ನೂರೈವತ್ತು ವರ್ಷದ ಹಿಂದೆ.

ಆ ಕಥೆಗೆ ಮೊದಲು ಇನ್ನೊಂದು ಕಥೆ ಹೇಳಬೇಕು. ವಿಲಿಯಂ ಲ್ಯಾಂಬ್ಟನ್ ಎಂಬ ಕಂಪನಿ ಸರ್ಕಾರದ ಅಧಿಕಾರಿ ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ನೆಲ ಅಳೆಯಲು ಶುರುಮಾಡಿದ. ಮುಂದೆ 1802ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅವನ ದೊಡ್ಡ ಸರ್ವೆ ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದವರೆಗೆ ತ್ರಿಕೋನಗಳ ಸಾಲು ಹಾಕುತ್ತ ಹೋಯಿತು. ಅವನು 1823ರಲ್ಲಿ ತೀರಿಕೊಂಡ ಮೇಲೆ ಕೆಲಸ ಜಾರ್ಜ್ ಎವರೆಸ್ಟನ ಕೈಗೆ ಬಂತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಪಡೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ನಮ್ಮ ಕಡೆಯ ಕೂಸಿಗೂ ಗೊತ್ತು. ಹೆಚ್ಚೂಕಡಿಮೆ ಅದೇ ಕಾಲಕ್ಕೆ ಅದೇ ಕಂಪನಿಯ ಎವರೆಸ್ಟ್ ಮಧ್ಯಭಾರತದ ಸಿರೋಂಜಿನ ಹತ್ತಿರ ದೇಶದ ಉದ್ದ ಅಳೆಯುತ್ತಿದ್ದ. ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಸರಪಳಿ. ಕಂಪನಿಗೆ ಎರಡೂ ಬೇಕಾಗಿದ್ದವು.

ಸಿರೋಂಜಿನ ಹತ್ತಿರದ ಕಲ್ಯಾಣಪುರ ಮತ್ತು ಉತ್ತರದಲ್ಲಿ ಗಂಗೆಯ ಬಯಲಿನ ಕಲಿಯಾನಾ, ಈ ಎರಡು ಠಾಣೆಗಳ ನಡುವಿನ ದೂರ ಸುಮಾರು 600 ಕಿಲೋಮೀಟರ್. ಅದನ್ನು ನೆಲದ ಮೇಲೆ ತ್ರಿಕೋನ ಹಾಕಿ ಅಳೆದರು, ನಕ್ಷತ್ರ ನೋಡಿಯೂ ಅಳೆದರು. ಎರಡು ಲೆಕ್ಕಕ್ಕೂ 160 ಮೀಟರಿನಷ್ಟು ಫರಕು ಬಂತು. ದಿನದ ಕೊನೆಗೆ ರೋಖು ತಾಳೆಯಾಗದೆ ಒಂದು ರೂಪಾಯಿ ಹೆಚ್ಚು ಬಂದರೂ ರಾತ್ರಿ ಒಂಬತ್ತರವರೆಗೆ ಕುಳಿತವನಿಗೆ ಎವರೆಸ್ಟನ ತಲೆಬಿಸಿ ಅರ್ಥವಾಗುತ್ತದೆ. ನಕ್ಷತ್ರ ನೋಡಲು ಮೊದಲು 'ನೆಟ್ಟಗೆ ಮೇಲೆ' ಎಂಬುದು ಯಾವ ಕಡೆಗೆ ಎಂದು ಗೊತ್ತಿರಬೇಕು. ಅದಕ್ಕೆ ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವಂಥ ತೂಗುಗುಂಡೇ ಆಧಾರ. ಹಿಮಾಲಯದಂಥ ಬೆಟ್ಟದ ರಾಶಿ ಹತ್ತಿರವಿದ್ದರೆ ಅದು ಗುಂಡನ್ನು ತನ್ನ ಕಡೆಗೆ ಎಳೆಯುತ್ತದೆ, ದಾರ ಓರೆಯಾಗುತ್ತದೆ.

ಕಲ್ಕತ್ತೆಯ ಇಗರ್ಜಿಯ ಪಾದ್ರಿ, ಗಣಿತದಲ್ಲಿ ನಿಪುಣನಾದ ಜಾನ್ ಪ್ರ್ಯಾಟ್, ಹಿಮಾಲಯದ ಎಳೆತದಿಂದ ಎಷ್ಟು ಓರೆಯಾಗಬೇಕು ಎಂದು ಲೆಕ್ಕ ಹಾಕಿದ. ಬಂದ ಉತ್ತರ ವಿಚಿತ್ರ. ಎವರೆಸ್ಟನಿಗೆ ಸಿಕ್ಕ ಫರಕು 5.236 ವಿಕಲೆ. ಪ್ರ್ಯಾಟನ ಲೆಕ್ಕದಲ್ಲಿ ಬರಬೇಕಾಗಿದ್ದದ್ದು 15.885 ವಿಕಲೆ. ತಪ್ಪು ಹೆಚ್ಚಾಯಿತೆಂದು ಹುಡುಕಹೊರಟರೆ, ಮೂರರಷ್ಟು ಆಗಬೇಕಾದದ್ದು ಒಂದರಷ್ಟೇ ಆಗಿದೆ! ಅಷ್ಟು ದೊಡ್ಡ ಹಿಮಾಲಯ ಎಳೆಯಬೇಕಾದಷ್ಟು ಎಳೆಯುತ್ತಲೇ ಇಲ್ಲ. ನಮ್ಮ ಪತ್ತಾರರಾಗಿದ್ದರೆ ಏನನ್ನುತ್ತಿದ್ದರೋ ಅದನ್ನೇ ಲಂಡನ್ನಿನ ಖಗೋಳ ಪಂಡಿತ ಜಾರ್ಜ್ ಏರಿ 1855ರಲ್ಲಿ ಅಂದ: ಒಳಗೆ ಹಗುರವಾದದ್ದು ಇದೆ. ಕೆರೆಯಲ್ಲಿ ತೇಲುವ ಮರದ ದಿಮ್ಮಿಗಳನ್ನು ನೋಡಿ. ದಪ್ಪ ದಿಮ್ಮಿ ನೀರಿನ ಮೇಲೆ ಎತ್ತರಕ್ಕೆ ಕಾಣುತ್ತದೆ, ನೀರಿನ ಒಳಗೂ ಆಳಕ್ಕೆ ಇಳಿದಿರುತ್ತದೆ. ಬೆಟ್ಟವೂ ಹಾಗೆಯೇ, ಅದಕ್ಕೂ ಕೆಳಗೆ ಹಗುರವಾದ ಬೇರು ಇದೆ ಎಂದ. ಇಂದು ನಮಗೆ ತಿಳಿದಿರುವಂತೆ ನಮ್ಮ ಕಾಲಡಿಯ ಚಿಪ್ಪು ಸುಮಾರು 40 ಕಿಲೋಮೀಟರ್ ದಪ್ಪ. ಹಿಮಾಲಯ, ಟಿಬೆಟಿನ ಕೆಳಗೆ ಅದು 70 ಕಿಲೋಮೀಟರಿನಷ್ಟು.

ಇದನ್ನು ಲೋಲಕದಿಂದ ಪರೀಕ್ಷಿಸಲು ಹೊರಟವನು ಕ್ಯಾಪ್ಟನ್ ಜೇಮ್ಸ್ ಬಸೇವಿ. 1865ರಿಂದ ಆರು ವರ್ಷ ಅವನು ಹಿತ್ತಾಳೆಯ ಲೋಲಕಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದಕ್ಷಿಣದ ತುದಿಯಿಂದ ಬೆಂಗಳೂರು, ಅಲ್ಲಿಂದ ಡೆಹ್ರಾಡೂನ್, ಮಸ್ಸೂರಿಯವರೆಗೆ ಠಾಣೆಯಿಂದ ಠಾಣೆಗೆ ಒಯ್ದ. ಕಡಲ ನಡುವಿನ ಮಿನಿಕಾಯ್ ದ್ವೀಪಕ್ಕೂ ಹೋದ. ರೈಲು ಎಲ್ಲ ಕಡೆ ಇಲ್ಲದ ಕಾಲ. ಲೋಲಕಕ್ಕೆ ಗಾಳಿ ತಾಗಬಾರದು, ಸೆಕೆ ಹೆಚ್ಚಾದರೆ ಹಿತ್ತಾಳೆ ಹಿಗ್ಗುತ್ತದೆ, ಅದರ ಲೆಕ್ಕವನ್ನೂ ಇಡಬೇಕು. ಕೊನೆಗೆ ಎತ್ತರದ ಬಯಲಿನಲ್ಲಿ ಒಂದು ಅಳತೆ ಬೇಕೆಂದು ಲಡಾಖಿನ ಮೋರೆ ಎಂಬಲ್ಲಿಗೆ ಏರಿದ. 15,000 ಅಡಿಗೂ ಮೇಲೆ, ಚಳಿಯಲ್ಲಿ. 1871ರ ಜುಲೈ 17ರಂದು ಅಲ್ಲಿಯೇ ತೀರಿಕೊಂಡ. ನಲವತ್ತೂ ತುಂಬಿರಲಿಲ್ಲ. ಉಳಿದ ಕೆಲಸವನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಮುಗಿಸಿದ. ಬಸೇವಿಯ ಅಳತೆಗಳು ಹೇಳಿದ್ದು ಇದು: ಕಡಲ ದಂಡೆ ಮತ್ತು ದ್ವೀಪದಲ್ಲಿ ಎಳೆತ ಇರಬೇಕಾದುದಕ್ಕಿಂತ ಹೆಚ್ಚು, ಹಿಮಾಲಯದಲ್ಲಿ ಕಡಿಮೆ. ಥ್ಯಾಕರೆಯ ಹೆಸರು ನಮಗೆ ಬಾಯಿಪಾಠ, ಈ ಬಸೇವಿಯ ಹೆಸರನ್ನು ಯಾವ ಪಾಠಪುಸ್ತಕದಲ್ಲೂ ನಾನು ಓದಿರಲಿಲ್ಲ.

ಈಗ ಲೋಲಕ ಬೇಕಿಲ್ಲ. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ರೋಂಬರ್ಗ್ ಎಂಬ ಮೇಷ್ಟ್ರು ಕೊಟ್ಟ ಮನೆಪಾಠವನ್ನು ಬಿಡಿಸಹೋಗಿ ಲಕೋಸ್ಟ್ ಎಂಬ ವಿದ್ಯಾರ್ಥಿ ಹೊಸ ಬಗೆಯ ಸ್ಪ್ರಿಂಗ್ ಕಂಡುಹಿಡಿದ. ಅಂಥ ಸ್ಪ್ರಿಂಗಿನ ಗುರುತ್ವಮಾಪಕವನ್ನು ಒಬ್ಬನೇ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಅದು ಒಂದು ಮಿಲಿಗಾಲಿನ ನೂರನೇ ಒಂದು ಪಾಲನ್ನೂ ಹಿಡಿಯುತ್ತದೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಕಿತ್ತೂರಿನಿಂದ ಸವದತ್ತಿ, ರಾಮದುರ್ಗದವರೆಗೆ ಬಸ್ಸಿನಲ್ಲಿ ಕಿಟಕಿ ಹತ್ತಿರ ಕುಳಿತರೆ ಸಾಕು, ಭೂಮಿಯ ಚರಿತ್ರೆಯ ಮೂರು ಅಧ್ಯಾಯ ಕಣ್ಣ ಮುಂದೆ ಹೋಗುತ್ತವೆ. ಕಿತ್ತೂರಿನ ತೆಂಕಣ, ಪಡುವಣ ದಿಕ್ಕಿನಲ್ಲಿ ಕೆಂಪು ಮಸಾರಿ, ಅದರಡಿ ಧಾರವಾಡ ಶಿಲೆಗಳು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಕಲ್ಲುಗಳಿಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟ. ಲೋಕದ ಯಾವ ಮೂಲೆಯ ಭೂವಿಜ್ಞಾನಿಗೂ ಧಾರವಾಡ ಎಂದರೆ ಪೇಢೆಗಿಂತ ಮೊದಲು ನೆನಪಾಗುವುದು ಈ ಕಲ್ಲು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಸವದತ್ತಿಯ ಯಲ್ಲಮ್ಮನ ಗುಡ್ಡ, ಮಲಪ್ರಭೆ ಸೀಳಿಕೊಂಡು ಬರುವ ನವಿಲುತೀರ್ಥದ ಕಣಿವೆ, ರಾಮದುರ್ಗದ ಕೆಂಪು ಗುಡ್ಡ ಇವೆಲ್ಲ ಕಲಾದಗಿ ಮರಳುಗಲ್ಲಿನವು. ಆ ಮರಳು ಕಡಲಡಿಯಲ್ಲಿ ಕೂತು ಕಲ್ಲಾಗಿ 100 ಕೋಟಿ ವರ್ಷವಾದರೂ ಆಗಿದೆ. ಬಡಗಣ ದಿಕ್ಕಿನ ಎರಿ ಹೊಲಗಳ ಕರಿಮಣ್ಣು ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾರಸದ ಕಪ್ಪು ಕಲ್ಲಿನಿಂದ.

ಮೂರಕ್ಕೂ ತೂಕ ಬೇರೆ. ಒಂದು ಲೀಟರ್ ಹಿಡಿಯುವ ಚೊಂಬಿನ ಗಾತ್ರದ ಮರಳುಗಲ್ಲು ಎರಡೂವರೆ ಕಿಲೋ ಆಸುಪಾಸು, ಗ್ರಾನೈಟ್ 2.7 ಕಿಲೋ, ಲಾವಾದ ಕಪ್ಪು ಕಲ್ಲು 2.9 ಕಿಲೋ, ಧಾರವಾಡ ಶಿಲೆಯಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಮೂರು ಕಿಲೋ ದಾಟುತ್ತದೆ. ಆದ್ದರಿಂದ ಕೋಲಾರದಂಥ ಬಂಗಾರದ ಶಿಲಾಪಟ್ಟಿಯನ್ನು ಅಡ್ಡಹಾಯ್ದು ಗುರುತ್ವಮಾಪಕ ಒಯ್ದರೆ ಮುಳ್ಳು ಮೇಲೇರಿ ಮತ್ತೆ ಇಳಿಯುತ್ತದೆ. ಎಷ್ಟು ಏರಿತು, ಎಷ್ಟು ಅಗಲದಲ್ಲಿ ಏರಿತು ಎಂಬುದರಿಂದ ಆ ಪಟ್ಟಿ ಎಷ್ಟು ಆಳಕ್ಕೆ ಇಳಿದಿರಬಹುದೆಂದು ಲೆಕ್ಕ ಹಾಕುತ್ತಾರೆ. ಇಡೀ ಭೂಮಿಯ ಸರಾಸರಿ ಎಷ್ಟು ಗೊತ್ತೇ? ಅದೇ ಚೊಂಬಿಗೆ ಐದೂವರೆ ಕಿಲೋ. ಮೇಲಿನ ಕಲ್ಲಿನ ಎರಡರಷ್ಟು. ಅಂದ ಮೇಲೆ ನಡುವಿನಲ್ಲಿ ಕಬ್ಬಿಣದಂಥ ಭಾರದ್ದು ತುಂಬಿರಲೇಬೇಕು.

ಚಿಕ್ಕಂದಿನಲ್ಲಿ ನಾವು ಕಿತ್ತೂರಿನ ಕೋಟೆಗೆ ಹೋದಾಗಲೆಲ್ಲ ಸುರಂಗ ಹುಡುಕುತ್ತಿದ್ದೆವು. ಯಾವ ಕೋಟೆಗೆ ಸುರಂಗದ ಕಥೆ ಇಲ್ಲ ಹೇಳಿ! ಮೊಮ್ಮಗಳೂ ಅದನ್ನೇ ಕೇಳಿದಳು, ಸುರಂಗ ಇದ್ದರೆ ಈ ಯಂತ್ರಕ್ಕೆ ಗೊತ್ತಾಗುತ್ತದೆಯೇ ಎಂದು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಎರಡು ಮೀಟರ್ ಅಗಲದ ಪೊಳ್ಳು ಸುರಂಗ ಐದು ಮೀಟರ್ ಆಳದ ಗಟ್ಟಿ ಕಲ್ಲಿನಲ್ಲಿದ್ದರೆ ಮೇಲಿನ ಎಳೆತ ಒಂದು ಮಿಲಿಗಾಲಿನ ಐವತ್ತನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಒಂದು ಜೋಳದ ಕಾಳನ್ನು ಹದಿನೈದು ಚೂರು ಮಾಡಿದರೆ ಅದರ ಒಂದು ಚೂರು. ಒಳ್ಳೆಯ ಯಂತ್ರ, ತಾಳ್ಮೆಯ ಮನುಷ್ಯ ಇಬ್ಬರೂ ಇದ್ದರೆ ಸಿಕ್ಕೀತು. ಇಪ್ಪತ್ತು ಮೀಟರ್ ಆಳಕ್ಕೆ ಇಳಿದರೆ ಆ ಚೂರಿನ ಕಾಲುಭಾಗ, ಅದನ್ನು ಹಿಡಿಯುವುದು ಕಠಿಣ.

ಪತ್ತಾರರ ಬಗ್ಗೆ ಒಂದು ಮಾತು ಬಾಕಿ ಇದೆ. ಒಳಗೆ ಅರಗಿದೆ ಎಂದು ಅವರು ಹೇಳಬಲ್ಲರು, ಆದರೆ ಯಾವ ಭಾಗದಲ್ಲಿ ಎಷ್ಟಿದೆ ಎಂದು ಬಳೆ ಒಡೆಯದೆ ಹೇಳಲಾರರು. ಭೂಮಿಯ ತೂಕ ನೋಡುವವರಿಗೂ ಇದೇ ಪಾಡು. ನನಗೆ ನೆನಪಿರುವ ಒಂದು ಬೆಳಗಿನ ಜಾವದಿಂದ ಇದನ್ನು ಹೇಳುತ್ತೇನೆ. 1967ರ ಡಿಸೆಂಬರ್ 11, ನಾಲ್ಕು ಗಂಟೆ ದಾಟಿತ್ತು. ಬೈಲಹೊಂಗಲದ ನಮ್ಮ ಮನೆಯಲ್ಲಿ ಅಡುಗೆಮನೆಯ ಹಲಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ತಾವೇ ಗಲಗಲ ಅಂದವು. ಅವ್ವ ಬೆಕ್ಕು ಬಂತೆಂದು ಗದರಿಸಿದಳು. ಹೊರಗೆ ದನಗಳು ಹಗ್ಗ ಜಗ್ಗುತ್ತಿದ್ದವು. ಮರುದಿನ ರೇಡಿಯೋದಲ್ಲಿ ಕೊಯ್ನಾ ಎಂಬ ಹೆಸರು ಕೇಳಿದೆವು. ಅಣೆಕಟ್ಟಿನ ಹತ್ತಿರ 6.3ರಷ್ಟು ತೀವ್ರತೆಯ ಭೂಕಂಪ. ಕೊಯ್ನಾನಗರದ ಮನೆಗಳು ಬಹುಪಾಲು ಕುಸಿದಿದ್ದವು.

ಅಲ್ಲಿ ಏಕೆ ನಡುಗಿತು ಎಂದು ಹುಡುಕುವವರಿಗೆ ಎದುರಾದದ್ದು ಲಾವಾದ ದಪ್ಪ ಹೊದಿಕೆ. ಕಂಬಳಿ ಹೊದ್ದು ಮಲಗಿದವರ ಮುಖ ಕಾಣದ ಹಾಗೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಕೃಷ್ಣಬ್ರಹ್ಮಂ ಮತ್ತು ನೇಗಿ ಎಂಬ ವಿಜ್ಞಾನಿಗಳು ಗುರುತ್ವದ ಅಳತೆಗಳನ್ನು ನಕ್ಷೆಗೆ ಇಳಿಸಿ ನೋಡಿದಾಗ ಕೊಯ್ನಾದ ಬಳಿ ಒಂದು, ಕುರ್ಡುವಾಡಿಯ ಬಳಿ ಒಂದು, ಎಳೆತ ಕಡಿಮೆ ಇರುವ ಎರಡು ಉದ್ದನೆಯ ಪಟ್ಟಿ ಕಂಡವು. ಲಾವಾದಡಿ ಎರಡು ಹಳೆಯ ಬಿರುಕು ಕಣಿವೆಗಳು ಹೂತಿರಬೇಕೆಂದು 1973ರಲ್ಲಿ ಬರೆದರು. ನೋಡಿ, ಒಂದು ಗುದ್ದಲಿಯನ್ನೂ ಎತ್ತದೆ! ಆಮೇಲೆ 1993ರಲ್ಲಿ ಕಿಲ್ಲಾರಿ ಭೂಕಂಪವಾಗಿ ಸಾವಿರಾರು ಜನ ಸತ್ತ ಮೇಲೆ ಅಲ್ಲಿ 617 ಮೀಟರ್ ಕೊರೆದರು. 338 ಮೀಟರಿಗೆ ಲಾವಾ ಮುಗಿಯಿತು, ಬರೀ 8 ಮೀಟರ್ ಮೆಕ್ಕಲಿನ ಪದರ, ಅದರಡಿ ಹಳೆಯ ಗಟ್ಟಿ ಕಲ್ಲು. ಕೊಯ್ನಾ ಸೀಮೆಯಲ್ಲೂ ಕೊರೆದರು. ನಾವು ಪುಣೆಗೆ ಹೋಗುವಾಗ ಸಿಗುವ ಕರಾಡದಲ್ಲಿ ಈ ಕೆಲಸಕ್ಕೆಂದೇ ಒಂದು ಸರ್ಕಾರಿ ಪ್ರಯೋಗಾಲಯವಿದೆ. ಗೋಥಣೆ ಎಂಬಲ್ಲಿ 3 ಕಿಲೋಮೀಟರ್ ಆಳದ ತೂತು. 1247 ಮೀಟರಿನವರೆಗೆ ಲಾವಾ, ಅದು ಮುಗಿದ ಕೂಡಲೇ ಗ್ರಾನೈಟ್. ಹಳೆಯ ಕಣಿವೆಯಲ್ಲಿ ತುಂಬಿರಬಹುದಾದ ಹಗುರ ಮರಳುಗಲ್ಲು ನಡುವೆ ಇರಲೇ ಇಲ್ಲ. ಎಳೆತ ಕಡಿಮೆ ಇರುವುದಂತೂ ನಿಜ, ಅದರ ಕಾರಣವನ್ನು ಇನ್ನೂ ಆಳದಲ್ಲಿ ಹುಡುಕಬೇಕಾಯಿತು. ಮೊದಲಿನವರ ಲೆಕ್ಕವನ್ನು ಹಗುರವಾಗಿ ಕಾಣುವ ಮಾತಲ್ಲ ಇದು. ಎಲ್ಲಿ ಕೊರೆಯಬೇಕೆಂದು ಅವರು ಹೇಳದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ನೀರಿನ ಮಟ್ಟ ಇರಬೇಕಾದುದಕ್ಕಿಂತ 106 ಮೀಟರ್ ತಗ್ಗಿನಲ್ಲಿದೆ. ಕೆಳಗೆ ಎಳೆತ ಕಡಿಮೆ, ಹಾಗಾಗಿ ನೀರು ಬೇರೆ ಕಡೆಗೆ ಸರಿದು ನಿಂತಿದೆ. ಹಡಗು ಅದರೊಳಗೆ ಉರುಳುವುದಿಲ್ಲ, ಹೋಗುವವರಿಗೆ ತಿಳಿಯುವುದೂ ಇಲ್ಲ. ಇದನ್ನು 1948ರಲ್ಲಿ ಹಡಗಿನಿಂದ ಅಳೆದು ಕಂಡುಹಿಡಿದವನು ಡಚ್ ದೇಶದ ವೆನಿಂಗ್ ಮೈನೆಸ್. ಆರೂವರೆ ಅಡಿಗೂ ಎತ್ತರದ ಆಳು, ಅಂಥವನು ಅದಕ್ಕೂ ಮೊದಲೇ ಜಲಾಂತರ್ಗಾಮಿಯ ಗೂಡಿನಲ್ಲಿ ಮೈ ಮುದುಡಿಕೊಂಡು ಕುಳಿತು ಕಡಲುಗಳನ್ನೆಲ್ಲ ಅಳೆದಿದ್ದ. ಆ ತಗ್ಗು ಹೇಗಾಯಿತೆಂದು 2023ರಲ್ಲಿ ಉತ್ತರ ಕೊಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್. 14 ಕೋಟಿ ವರ್ಷಗಳ ಭೂಮಿಯ ಚಲನೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡಿದರು. ಹಿಂದೆ ಇದ್ದ ಟೆಥಿಸ್ ಎಂಬ ಕಡಲಿನ ತಳ ಆಳಕ್ಕೆ ಮುಳುಗಿ ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕೆದಕಿತು, ಅಲ್ಲಿಂದೆದ್ದ ಬಿಸಿಯಾದ ಹಗುರ ವಸ್ತು ಇತ್ತ ಹರಿದು ಬಂದು ನಿಂತಿದೆ, ಎಳೆತ ಕಡಿಮೆಯಾದದ್ದು ಅದರಿಂದ ಎಂಬುದು ಅವರ ಲೆಕ್ಕ. ಆ ತಗ್ಗಿನ ಇಳಿಜಾರು ನಮ್ಮ ದಕ್ಷಿಣ ಭಾರತದವರೆಗೂ ಚಾಚಿದೆ. ಬೆಂಗಳೂರಿನಲ್ಲೇ 80 ಮೀಟರಿಗೂ ಹೆಚ್ಚು.

ಇಷ್ಟೆಲ್ಲ ನಾನು ಓದಲು ಹೊರಟದ್ದು ನನ್ನ ಅಣ್ಣನ ಮಗನಿಂದ. ಅವನದು ಕಿತ್ತೂರಿನ ಕಡೆ ನಾಲ್ಕು ಎಕರೆ ಮಸಾರಿ. ಮೂರು ಬೋರ್ ಹೊಡೆಸಿದ, 420 ಅಡಿ, 560 ಅಡಿ, 700 ಅಡಿ. ಮೊದಲನೆಯದು ಎರಡು ಬೇಸಿಗೆ ನಡೆದು ನಿಂತಿತು, ಉಳಿದೆರಡರಲ್ಲಿ ಬರೀ ಬೂದಿಯಂಥ ಕಲ್ಲಿನ ಪುಡಿ. ಹೋದ ವರ್ಷ ಚೈತ್ರದಲ್ಲಿ ಮನೆಗೆ ಬಂದು, "ಕಾಕಾ, ಒಬ್ಬಾಂವ ಬಂದಾನ. ಅವನ ಹತ್ರ ಗ್ರ್ಯಾವಿಟಿ ಮಿಷನ್ ಐತಂತ. ನೆಲದಾಗಿನ ನೀರು ಟಿವಿಯೊಳಗ ಕಂಡಂಗ ಕಾಣತೈತಂತ. ಖರೇ ಏನು?" ಎಂದ. ಒಂದು ಜಾಗಕ್ಕೆ ಎಂಟು ಸಾವಿರ ರೂಪಾಯಿ. ನಾಲ್ಕನೇ ಬೋರಿಗೆ ಹೆಂಡತಿಯ ಪಾಟಲಿ ಒತ್ತೆ ಇಡುವ ಯೋಚನೆ.

ನಾನು ಹೊಲಕ್ಕೆ ಹೋದೆ. ಆ ಮನುಷ್ಯ ತನ್ನ ಪೆಟ್ಟಿಗೆಯನ್ನು ಒಮ್ಮೆ ಬದುವಿನ ಮೇಲೆ, ಒಮ್ಮೆ ಬೈಕಿನ ಸೀಟಿನ ಮೇಲೆ ಇಟ್ಟು ಬಣ್ಣಬಣ್ಣದ ಚಿತ್ರ ತೋರಿಸಿದ. ನೀಲಿ ಎಂದರೆ ನೀರು. ನಾನು ಒಂದೇ ಮಾತು ಕೇಳಿದೆ: "ಪ್ರತಿ ಜಾಗಾದ್ದು ಎತ್ತರ ಎಷ್ಟು ಹಿಡದೀರಿ?" "ಅದೆಲ್ಲಾ ಬೇಕಾಗಂಗಿಲ್ರಿ ಯಜಮಾನ್ರ, ಸ್ಯಾಟಲೈಟಿಂದ ಬರತೈತಿ" ಎಂದ.

ಒಂದು ಮೀಟರಿಗೆ ಒಂದು ಕಾಳು ಎಂದು ಮೇಲೆ ಹೇಳಿದ್ದು ನೆನಪಿದೆಯೇ? ಆಳದ ಕಲ್ಲಿನಲ್ಲಿ ಅಂಗೈ ಅಗಲದ, ಅಂದರೆ 10 ಸೆಂಟಿಮೀಟರಿನ, ನೀರು ತುಂಬಿದ ಬಿರುಕು ಹೊಲದ ಉದ್ದಗಲಕ್ಕೂ ಆಚೆಗೂ ಹಬ್ಬಿದೆ ಎಂದೇ ಇಟ್ಟುಕೊಳ್ಳಿ. ಅದರಿಂದ ಎಳೆತ ಕಡಿಮೆಯಾಗುವುದು ಯಂತ್ರವನ್ನು ಒಂದು ಅಂಗುಲ ಮೇಲೆತ್ತಿದರೆ ಕಡಿಮೆಯಾಗುವಷ್ಟೇ. ಬದುವಿನಿಂದ ಬೈಕಿಗೆ ಹತ್ತಿಸಿದವನಿಗೆ ಅಂಗುಲದ ಲೆಕ್ಕ ಎಲ್ಲಿಂದ ಬರಬೇಕು? ಗುರುತ್ವದ ಅಳತೆ ದೊಡ್ಡ ದೊಡ್ಡ ಶಿಲಾರಾಶಿಗಳನ್ನು ನೋಡುವ ವಿದ್ಯೆ. ಬೋರಿನ ಜಾಗಕ್ಕೆ ಭೂವಿಜ್ಞಾನಿಗಳು ಸಾಮಾನ್ಯವಾಗಿ ಬಳಸುವುದು ಬೇರೆಯದು, ನೆಲಕ್ಕೆ ನಾಲ್ಕು ಸರಳು ನೆಟ್ಟು ಕರೆಂಟ್ ಹಾಯಿಸಿ ನೋಡುತ್ತಾರೆ. ಅದೂ ಜಾಮೀನು ಕೊಡುವುದಿಲ್ಲ. ಇದನ್ನೆಲ್ಲ ಮನೆಯಲ್ಲಿ ವಿವರಿಸಿದೆ. ಅಣ್ಣನ ಮಗ ಸುಮ್ಮನೆ ಕುಳಿತಿದ್ದ. ಅವನ ಹೆಂಡತಿ, "ಮಾವಾರ, ನನಗ ಅದೆಲ್ಲಾ ತಿಳಿಯಂಗಿಲ್ರಿ. ಪಾಟಲಿ ಮಾತ್ರ ಕೊಡಂಗಿಲ್ಲ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ಪಕ್ಕದ ಹೊಲದವರು ಎಂಟು ಸಾವಿರ ಕೊಟ್ಟು, ಆ ಮನುಷ್ಯ ತೋರಿಸಿದಲ್ಲೇ ಹೊಡೆಸಿದರು. 380 ಅಡಿಗೆ ಎರಡು ಇಂಚು ನೀರು ಬಂತು! ಬಿರುಕುಗಳಿರುವ ಕಲ್ಲಿನಲ್ಲಿ ಕಣ್ಣು ಮುಚ್ಚಿ ಹೊಡೆದರೂ ಕೆಲವು ಬೋರಿಗೆ ನೀರು ಸಿಗುತ್ತದೆ ಎಂದು ನಾನು ಹೇಳಿದರೆ ಯಾರು ಕೇಳುತ್ತಾರೆ? ಅಣ್ಣನ ಮಗ ಏನೂ ಅನ್ನುವುದಿಲ್ಲ, ಅವರ ಪೈಪಿನ ಕಡೆ ನೋಡಿ ಒಮ್ಮೆ ನನ್ನ ಕಡೆ ನೋಡುತ್ತಾನೆ ಅಷ್ಟೇ. ಅವನು ಕೃಷಿಹೊಂಡ ತೋಡಿಸಿದ್ದಾನೆ, ನನ್ನ ಅಪ್ಪನ ಕಾಲದ ಬಾವಿಯ ಹೂಳು ತೆಗೆಸಿದ್ದಾನೆ.

ನೀರಿಗೂ ತೂಕವಿದೆಯಷ್ಟೆ. ಅದನ್ನು ಆಕಾಶದಿಂದಲೇ ತೂಗುವವರಿದ್ದಾರೆ. 2002ರ ಮಾರ್ಚಿನಲ್ಲಿ ಅಮೆರಿಕ, ಜರ್ಮನಿ ಸೇರಿ 'ಗ್ರೇಸ್' ಎಂಬ ಜೋಡಿ ಉಪಗ್ರಹಗಳನ್ನು ಹಾರಿಬಿಟ್ಟರು. ಒಂದರ ಹಿಂದೆ ಒಂದು, ನಡುವೆ 220 ಕಿಲೋಮೀಟರ್ ದೂರ. ಒಂದರ ಹಿಂದೆ ಒಂದು ಓಡುವುದಕ್ಕೆ ವಿಜ್ಞಾನಿಗಳು ಪ್ರೀತಿಯಿಂದ ಟಾಮ್ ಮತ್ತು ಜೆರ್ರಿ ಎಂದು ಕರೆದರು. ಕೆಳಗೆ ಭಾರ ಹೆಚ್ಚಿರುವ ಕಡೆ ಮುಂದಿನದು ಮೊದಲು ಎಳೆಯಲ್ಪಡುತ್ತದೆ, ನಡುವಿನ ದೂರ ಕೂದಲೆಳೆಗಿಂತ ಕಡಿಮೆ ಬದಲಾದರೂ ಗೊತ್ತಾಗುತ್ತದೆ. ಪಂಜಾಬ್, ಹರಿಯಾಣ, ರಾಜಸ್ಥಾನದ ಸೀಮೆ 2002ರಿಂದ 2008ರ ಒಳಗೆ ಕಳೆದುಕೊಂಡ ಅಂತರ್ಜಲ 109 ಘನ ಕಿಲೋಮೀಟರ್ ಎಂದು ಇವುಗಳ ಅಳತೆಯಿಂದಲೇ 2009ರಲ್ಲಿ ತಿಳಿಯಿತು. ನಮ್ಮ ನವಿಲುತೀರ್ಥದ ರೇಣುಕಾಸಾಗರ ತುಂಬಿದರೆ 37.73 ಟಿಎಂಸಿ. ಅಂಥ ನೂರು ರೇಣುಕಾಸಾಗರ, ಆರು ವರ್ಷದಲ್ಲಿ! ಆ ಸೀಮೆಯೇನೋ ದೊಡ್ಡದು, ಅದಕ್ಕೆ ಕಂಡಿತು. ಬೆಳಗಾವಿಯಂಥ ಒಂದು ಜಿಲ್ಲೆ ಆ ಉಪಗ್ರಹಗಳಿಗೆ ತೀರ ಸಣ್ಣದು, ನಾಲ್ಕು ಎಕರೆಯ ಮಾತು ಬಿಡಿ.

ಅದಕ್ಕೇ ಮೊಮ್ಮಗಳು ಮತ್ತು ನಾನು ಪ್ರತಿ ಅಮಾವಾಸ್ಯೆಗೆ ಹೊಲದ ಬಾವಿಯ ನೀರು ಅಳೆಯುತ್ತೇವೆ. ಹಗ್ಗಕ್ಕೆ ಅಡಿಗೊಂದು ಗಂಟು, ತುದಿಗೆ ಕಲ್ಲು. ನಾನು ಎಣಿಸುತ್ತೇನೆ, ಅವಳು ಹಳೆಯ ಲೆಡ್ಜರಿನಲ್ಲಿ ಬರೆಯುತ್ತಾಳೆ. ಕಟ್ಟೆಯಿಂದ ನೀರಿನವರೆಗೆ ಎಳ್ಳಮಾವಾಸ್ಯೆಗೆ 24 ಅಡಿ ಇತ್ತು, ಯುಗಾದಿಯ ಅಮಾವಾಸ್ಯೆಗೆ 31. ಹೋದ ಸಲ ಅಣ್ಣನ ಮಗನೂ ಬಂದಿದ್ದ. ಹಗ್ಗ ಅವನೇ ಇಳಿಬಿಟ್ಟ, "33" ಎಂದ. ಅವಳು ಒಪ್ಪದೆ ಇನ್ನೊಮ್ಮೆ ಬಿಡಿಸಿದಳು. ಮೂವತ್ತಮೂರೇ ಇತ್ತು.